ಮಾನಕ್ಕಿಂತ ಮಗು ಹಿರಿದು

ನೆಲಮಂಗಲದ ಸೀಮೆಯ ಶಿವಗಂಗೆಗೆ ಬಾಲಕರ ತಂಡವನ್ನು ಕರೆದೊಯ್ಯುವ ಸ್ವಯಂಸೇವಕನ ಪೂರ್ವವೃತ್ತವನ್ನು ವಿಚಾರಿಸುವುದು ಸೇವಾಭಾವಕ್ಕೆ ಮಾಡಿದ ಅವಮಾನವೆಂದು ಅನೇಕ ಗೃಹಸ್ಥರು ಸಂಕೋಚಪಡುವರು. ಹೊನ್ನನ್ನು ಒರೆಗೆ ಹಚ್ಚಿದರೆ ಹೊನ್ನಿಗೆ ಕುಂದುಂಟೆ? ಹೊನ್ನಿಗಿಂತ ಹಿರಿದಾದ ಮಗುವನ್ನು ಒಪ್ಪಿಸುವಾಗ ಒರೆಗಲ್ಲು ಬೇಡವೆ?

ಮಕ್ಕಳಿಗೆ ಕೇಡೆಣಿಸುವವನು ಬಹುಮಟ್ಟಿಗೆ ಅಪರಿಚಿತನಲ್ಲ. ಮನೆಯವರ ವಿಶ್ವಾಸವನ್ನು ಗಳಿಸಿದವನು. ಆದುದರಿಂದಲೇ ಮಕ್ಕಳೊಡನೆ ನಿತ್ಯಸಂಪರ್ಕವುಳ್ಳ ಸಂಸ್ಥೆಗಳು ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರ ಮೂಲಕ ಪರಿಶೀಲಿಸಬೇಕು, ಕಾಲಕಾಲಕ್ಕೆ ತರಬೇತಿ ಕೊಡಬೇಕು ಎಂದು 2020ರ ಪೋಕ್ಸೋ ನಿಯಮಗಳು ವಿಧಿಸಿವೆ. ತರಬೇತಿಯಲ್ಲಿ ಕಲಿಯತಕ್ಕದ್ದು ಸರಳವಾದುದು: ಹಿರಿಯನೊಬ್ಬನು ಮಗುವೊಂದರೊಡನೆ ಏಕಾಂತದಲ್ಲಿರಬಾರದು, ಯಾರಾದರೂ ಗುಟ್ಟಾಗಿಡೆಂದುದನ್ನೇ ಮೊದಲು ತಾಯಿತಂದೆಗಳಿಗೆ ಹೇಳಬೇಕೆಂದು ಮಗುವಿಗೆ ಕಲಿಸಬೇಕು, ಹೇಳಿದಾಗ ಗದರಿಸದೆ ನಂಬಿ ಕೇಳಬೇಕು.

ಕಠಿಣವಾದುದು ಮುಂದಿನ ಹೆಜ್ಜೆ. ಸಂಸ್ಥೆಯ ಮಾನ, ಮನೆತನದ ಮಾನ ಎಂದು ಹಿರಿಯರೇ ಬಾಯಿ ಮುಚ್ಚಿಸುವರು. 2012ರ ಪೋಕ್ಸೋ ಕಾಯಿದೆಯಂತೆ ಇಂಥ ಕೃತ್ಯವನ್ನು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯೂ ಇದೆ. ಆದರೆ ದಂಡನೆಯ ಭಯಕ್ಕಿಂತ ಮಿಗಿಲಾದುದು ಅಂತಃಸಾಕ್ಷಿ. ಶರಣರು ವೇಷವನ್ನು ನೋಡಲಿಲ್ಲ, ನಡೆಯನ್ನು ನೋಡಿದರು. ಮಗುವಿನ ಕಣ್ಣೀರನ್ನು ಮರೆಮಾಡಿ ಉಳಿಸಿಕೊಂಡ ಮಾನವು ಮಾನವಲ್ಲ; ಮಠವೂ ಈ ಮಾತಿಗೆ ಹೊರತಲ್ಲ.