ಕಂಪನಿ: ರೊಟ್ಟಿ ಹಂಚಿಕೊಂಡವರು



ಮೈಸೂರಿನ ಹೂಟಗಳ್ಳಿಯ ಮನೆಗಳಲ್ಲಿ ದಿನವೂ ಕೇಳಿಬರುವ ಮಾತು ‘ಕಂಪನಿ’. ‘ಅಪ್ಪ ಕಂಪನಿಗೆ ಹೋಗಿದ್ದಾರೆ’ ಎನ್ನುತ್ತದೆ ಮಗು. ‘ಕಂಪನಿಯಲ್ಲಿ ಈ ವಾರ ರಾತ್ರಿ ಪಾಳಿ’ ಎನ್ನುತ್ತಾಳೆ ತಾಯಿ. ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ ಬದುಕುವವರಿಗೆ ಈ ಪದವೆಂದರೆ ಗೇಟು, ಗುರುತಿನ ಚೀಟಿ, ತಿಂಗಳ ಸಂಬಳ. ಆದರೆ ಈ ಪದ ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಊಟದ ಪಂಕ್ತಿಯಲ್ಲಿ.

ಲತೀನ್ ಭಾಷೆಯಲ್ಲಿ ‘ಕುಮ್’ ಎಂದರೆ ಜೊತೆಗೆ, ‘ಪಾನಿಸ್’ ಎಂದರೆ ರೊಟ್ಟಿ. ಇವೆರಡೂ ಕೂಡಿ, ಜೊತೆಯಲ್ಲಿ ರೊಟ್ಟಿ ತಿನ್ನುವವನು ಎಂಬ ಅರ್ಥದ ‘ಕೊಂಪಾನಿಯೋ’ ಆಯಿತು. ಫ್ರೆಂಚ್ ಭಾಷೆಯ ಮೂಲಕ ಅದು ಇಂಗ್ಲಿಷಿಗೆ ಬಂದು ‘ಕಂಪನಿ’ ಎನಿಸಿತು. ನಾವು ಬೇಕರಿಯಲ್ಲಿ ಕೊಳ್ಳುವ ‘ಪಾವ್’ ಕೂಡ ಪೋರ್ಚುಗೀಸರು ತಂದ ‘ಪಾನಿಸ್’ನ ಸಂತಾನವೇ. ಪ್ರಭು ಕಲಿಸಿದ ಪ್ರಾರ್ಥನೆಯ ಲತೀನ್ ರೂಪದಲ್ಲಿ ಅನುದಿನದ ಆಹಾರವನ್ನು ಬೇಡುವಾಗ ಬರುವುದೂ ಇದೇ ಪದ.

ಪದದ ಮೂಲ ಒಳ್ಳೆಯದಾದ ಮಾತ್ರಕ್ಕೆ ಅದನ್ನು ಹೊತ್ತವರ ನಡತೆ ಒಳ್ಳೆಯದಾಗುವುದಿಲ್ಲ. 1600ರಲ್ಲಿ ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪನಿಯೂ ಇದೇ ಹೆಸರಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದರ ಸೇನೆ ಊರನ್ನು ಕೊಳ್ಳೆ ಹೊಡೆದು, ಸಿಕ್ಕಿದ್ದನ್ನು ಹುದ್ದೆಗೆ ತಕ್ಕಂತೆ ಹಂಚಿಕೊಂಡಿತು. ಅಲ್ಲಿಯೂ ಹಂಚಿಕೆ ಇತ್ತು. ಆದರೆ ಅದು ಅನ್ಯರ ರೊಟ್ಟಿ.

ಹಾಗಾದರೆ ಪದಮೂಲದಿಂದ ಪ್ರಯೋಜನವೇನು? ಅದು ಅಪ್ಪಣೆ ಮಾಡದು, ಪ್ರಶ್ನೆ ಕೇಳುತ್ತದೆ: ಒಂದೇ ಕಂಪನಿಯವರು ನಿಜಕ್ಕೂ ಒಂದೇ ಪಂಕ್ತಿಯವರೇ? ಒಂದೇ ಸಾಲಿನಲ್ಲಿ ಕೂತವರಿಗೆ ಬೇರೆ ಬೇರೆಯಾಗಿ ಬಡಿಸುವುದನ್ನು ಕನ್ನಡದಲ್ಲಿ ಪಂಕ್ತಿಭೇದ ಎನ್ನುತ್ತೇವೆ. ಒಂದೇ ಯಂತ್ರದ ಮುಂದೆ, ಒಂದೇ ಕೆಲಸಕ್ಕೆ, ಕಾಯಂ ನೌಕರನಿಗೊಂದು ಕೂಲಿ, ಗುತ್ತಿಗೆಯವನಿಗೆ ಇನ್ನೊಂದು ಎಂದಾದರೆ ಅದಕ್ಕೆ ಬೇರೆ ಯಾವ ಹೆಸರು? 1948ರ ಕಾರ್ಖಾನೆ ಕಾಯಿದೆಯು 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಕ್ಯಾಂಟೀನು ಇರಬೇಕೆಂಬ ನಿಯಮಕ್ಕೆ ದಾರಿ ಮಾಡಿತು. ಕಾನೂನು ಊಟದ ಕೋಣೆಯನ್ನು ಕಟ್ಟಿಸಬಲ್ಲದು. ಎದುರು ಕೂತವನನ್ನು ಸಮಾನನೆಂದು ಕಾಣುವ ಕಣ್ಣನ್ನು ಕೊಡಲಾರದು.

ಉಂಡ ಮನೆಗೆ ದ್ರೋಹ ಬಗೆಯಬಾರದೆಂದು ಕೆಲಸಗಾರನಿಗೆ ಬುದ್ಧಿ ಹೇಳುತ್ತೇವೆ. ಸರಿಯೇ. ಆದರೆ ಜೊತೆಗೂಡಿ ಉಂಡವರ ಋಣ ಎರಡೂ ಕಡೆಯದು. ಅವನ ದುಡಿಮೆಯನ್ನು ಉಂಡ ಮಾಲೀಕನೂ, ಅವನೊಡನೆ ದುಡಿಯುವ ಕಾಯಂ ನೌಕರನೂ ಅವನಿಗೆ ಋಣಿಗಳು.

ಪ್ರಿಯರೇ, ಇದು ಕಾರ್ಖಾನೆಯ ಮಾತಷ್ಟೇ ಅಲ್ಲ. ನಮ್ಮ ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳಿಗೆಂದು ಬೇರೆಯೇ ಲೋಟವನ್ನು ಎತ್ತಿಟ್ಟಿದ್ದರೆ, ಪಂಕ್ತಿಭೇದ ನಮ್ಮ ಅಡುಗೆಮನೆಯಲ್ಲೇ ಇದೆ. ಅದನ್ನು ಅಳಿಸಲು ಯಾವ ಕಾಯಿದೆಯೂ ಬೇಕಿಲ್ಲ. ನಾಳೆ ಬೆಳಿಗ್ಗೆ ಆಕೆಗೂ ನಮ್ಮದೇ ಲೋಟದಲ್ಲಿ ಕಾಫಿ ಕೊಟ್ಟು, ಜೊತೆಗೆ ಕೂತರೆ ಸಾಕು.