ಸ್ವಲ್ಪ ಅಡ್ಜಸ್ಟ್ ಮಾಡಿ!



ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಹೋಗುವವರಿಗೆ ಈ ಮಾತು ಹೊಸದಲ್ಲ. ಮೂವರು ಕುಳಿತ ಸೀಟಿನ ಮುಂದೆ ಮಗುವನ್ನೆತ್ತಿಕೊಂಡ ತಾಯಿಯೊಬ್ಬರು ಬಂದು, “ಸ್ವಲ್ಪ ಅಡ್ಜಸ್ಟ್ ಮಾಡಿ” ಎನ್ನುತ್ತಾರೆ. ಮೂವರೂ ತುಸು ಜರುಗುತ್ತಾರೆ, ನಾಲ್ಕನೆಯವರಿಗೆ ಜಾಗವಾಗುತ್ತದೆ. ಹಬ್ಬದ ಬಲಿಪೂಜೆಗೆ ತಡವಾಗಿ ಬಂದವರಿಗೂ ಬೆಂಚಿನಲ್ಲಿ ಜಾಗ ಸಿಗುವುದು ಇದೇ ಮಾತಿನಿಂದ.

ಇಂಗ್ಲಿಷಿನವರು ಹೆಚ್ಚಾಗಿ ಗಡಿಯಾರವನ್ನೋ ಬ್ರೇಕನ್ನೋ ಅಡ್ಜಸ್ಟ್ ಮಾಡುತ್ತಾರೆ. ನಾವಾದರೋ ಮನುಷ್ಯರನ್ನೇ ಅಡ್ಜಸ್ಟ್ ಮಾಡುತ್ತೇವೆ! ತಿಂಗಳ ಕೊನೆಯಲ್ಲಿ ಕೈಸಾಲ ಕೊಡುವುದೂ ಅಡ್ಜಸ್ಟ್. ಕಚೇರಿಯಲ್ಲಿ ಫೈಲು ಮುಂದೆ ಹೋಗಲು ಮೇಜಿನ ಕೆಳಗೆ ಕೊಡುವುದೂ ಅಡ್ಜಸ್ಟ್. ಒಂದೇ ಪದ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ದುಡಿಯುತ್ತಿದೆ. ಹಾಗಾದರೆ ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಯುವುದು ಹೇಗೆ?

ಆ ಪದದ ಹುಟ್ಟೇ ಒಂದು ದಾರಿ ತೋರಿಸುತ್ತದೆ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಈ ಪದದ ಲತೀನ್ ಮೂಲಕ್ಕೆ ‘ಹತ್ತಿರಕ್ಕೆ ತರು’ ಎಂಬ ಅರ್ಥವಿದೆ. ಕಾಲಕ್ರಮೇಣ ಜನ ಅದನ್ನು ‘ನೀತಿಯುತ’ ಎಂಬ ಅರ್ಥದ ‘ಯುಸ್ತುಸ್’ ಎಂಬ ಲತೀನ್ ಪದದ ಜೊತೆಗೂ ಸೇರಿಸಿಕೊಂಡರು. ಒಂದು ಕಡೆ ಹತ್ತಿರವಾಗುವುದು, ಇನ್ನೊಂದು ಕಡೆ ನ್ಯಾಯ. ಎರಡೂ ಇದ್ದರೆ ಅದು ನಿಜವಾದ ಹೊಂದಾಣಿಕೆ. ರೈಲಿನಲ್ಲಿ ಎರಡೂ ಇವೆ. ಎಲ್ಲರೂ ಸ್ವಲ್ಪ ಸ್ವಲ್ಪ ಸರಿಯುತ್ತಾರೆ, ಯಾರೊಬ್ಬರೂ ಸೀಟಿನಿಂದ ಕೆಳಗೆ ಬೀಳುವುದಿಲ್ಲ.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಮದುವೆಯಾಗಿ ಆರು ತಿಂಗಳಿಗೆ ಮಗಳು ತವರಿಗೆ ಬಂದಿದ್ದಾಳೆ. ತೋಳಿನ ಮೇಲೆ ಏಟಿನ ಗುರುತಿದೆ. ತಾಯಿ ಕಣ್ಣೊರೆಸಿಕೊಳ್ಳುತ್ತಲೇ, “ಅಡ್ಜಸ್ಟ್ ಮಾಡ್ಕೊ ಕಣಮ್ಮ, ನಾನೂ ಮಾಡ್ಕೊಂಡಿಲ್ವಾ?” ಎನ್ನುತ್ತಾರೆ. ಇಲ್ಲಿ ಜರುಗುತ್ತಿರುವವಳು ಒಬ್ಬಳೇ, ಜರುಗಿ ಜರುಗಿ ಅಂಚಿಗೆ ಬಂದಿದ್ದಾಳೆ. ಇದರಲ್ಲಿ ಹತ್ತಿರವಾಗುವುದೂ ಇಲ್ಲ, ನ್ಯಾಯವೂ ಇಲ್ಲ.

ಇದನ್ನು ಸಹಿಸಿಕೊಳ್ಳುವುದೇ ಶಿಲುಬೆ ಹೊರುವುದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1153ನೇ ವಿಧಿಯ ಪ್ರಕಾರ, ಸಂಗಾತಿಯಿಂದ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ಬಾಳಲು ನ್ಯಾಯವಾದ ಕಾರಣವಿದೆ. ಹಿಂಸೆಯಿಂದ ದುರ್ಬಲರನ್ನೂ ಮಕ್ಕಳನ್ನೂ ಕಾಪಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯವೇ ಆಗಬಹುದೆಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ಬರೆದರು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯೂ ನಮ್ಮ ದೇಶದಲ್ಲಿದೆ. ಮದುವೆಯ ಬಂಧ ಪವಿತ್ರ, ನಿಜ. ಆದರೆ ಏಟು ತಿನ್ನುವುದು ಆ ಬಂಧದ ಭಾಗವಲ್ಲ.

ಶುಭಸಂದೇಶಕಾರ ಮತ್ತಾಯರು ಸಂತ ಜೋಸೆಫರನ್ನು ‘ನೀತಿವಂತ’ ಎಂದು ಕರೆಯುತ್ತಾರೆ. ಮರಿಯಮ್ಮನವರು ಗರ್ಭಿಣಿಯೆಂದು ತಿಳಿದಾಗ ಕಾನೂನು, ಸಮಾಜ ಎರಡೂ ಜೋಸೆಫರ ಕಡೆಗಿದ್ದವು. ಆದರೂ ಅವರು ಆಕೆಯನ್ನು ಬಯಲಿಗೆಳೆಯಲು ಬಯಸಲಿಲ್ಲ. ದೇವದೂತನ ಮಾತಿನಂತೆ ಎದ್ದು ಆಕೆಯನ್ನು ಮನೆಗೆ ಕರೆತಂದರು. ಮುಂದೆ ತಾಯಿ ಮಗುವಿನ ಪ್ರಾಣಕ್ಕಾಗಿ ಈಜಿಪ್ಟಿಗೆ ಹೊರಟರು. ಜರುಗಿದ್ದು ಬಲವಿದ್ದವರು, ಜಾಗ ಸಿಕ್ಕಿದ್ದು ಬಲವಿಲ್ಲದವರಿಗೆ.

ಆದ್ದರಿಂದ ವಾಚಕರೇ, ಅಡ್ಜಸ್ಟ್ ಎಂಬ ಪದವನ್ನು ಬಿಡಬೇಕಾಗಿಲ್ಲ. “ನಾನು ಅಡ್ಜಸ್ಟ್ ಮಾಡಿಕೊಳ್ಳುತ್ತೇನೆ” ಎಂದು ಬಲವಿದ್ದವರು ಹೇಳಿದರೆ ಅದು ಪ್ರೀತಿ. “ನೀನು ಅಡ್ಜಸ್ಟ್ ಮಾಡಿಕೋ” ಎಂದು ನೊಂದವರಿಗೆ ಹೇಳಿದರೆ ಅದು ಅನ್ಯಾಯಕ್ಕೆ ಒತ್ತಾಸೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮನೆಯನ್ನೊಮ್ಮೆ ನೋಡಿ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ಯಾರು? ವರ್ಷಗಳಿಂದ ಜರುಗುತ್ತಲೇ ಇರುವವರು ಯಾರು? ಈ ಸಲ ಜರುಗುವ ಸರದಿ ನಮ್ಮದಾಗಲಿ.