ಕಾಯಿಲೆ ಬಿದ್ದ ವರ್ಷದ ಅಂಕಪಟ್ಟಿ

ಬೈಬಲ್ ತೆರೆಯಿರಿ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, 2ನೇ ಅಧ್ಯಾಯ, 25ರಿಂದ 30ನೇ ವಚನ. ಫೋನಲ್ಲಿ ಓದೋರು ಸ್ವಲ್ಪ ಹೊತ್ತು ವಾಟ್ಸಾಪ್ ಪಕ್ಕಕ್ಕಿಡಿ. ನಾವು ಸಾಮಾನ್ಯವಾಗಿ ಬೇಗ ಬೇಗ ಓದಿ ದಾಟಿಬಿಡೋ ಭಾಗ ಇದು.

ಓದಿದ್ರಾ? ಈಗ ಒಂದು ವಿಷಯ ಹೇಳ್ತೀನಿ. ನನಗೆ ಪರಿಚಯ ಇರೋ ಒಂದು ಮನೆಯ ಹುಡುಗಿ, 12ನೇ ಕ್ಲಾಸು. ಅವಳ ಒಪ್ಪಿಗೆ ಕೇಳಿಯೇ ಹೇಳ್ತಿದ್ದೀನಿ. ನಮ್ಮ ಸಭೆಯವಳಲ್ಲ, ಯಾರು ಅಂತ ಹುಡುಕೋಕೆ ಹೋಗಬೇಡಿ. ಒಂಬತ್ತನೇ ಕ್ಲಾಸಲ್ಲಿ ಅವಳಿಗೆ ಕಾಯಿಲೆ ಬಂತು. ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕಾದ ಕಾಯಿಲೆ. ಹೆಸರು ಕೇಳಿದ್ರೆ ಪಕ್ಕದ ಮನೆಯವರು ಎರಡು ಹೆಜ್ಜೆ ಹಿಂದೆ ಸರಿಯೋ ಕಾಯಿಲೆ. ಎಂಟನೇ ಕ್ಲಾಸಲ್ಲಿ ಗಣಿತಕ್ಕೆ 94 ಇದ್ದದ್ದು ಒಂಬತ್ತರಲ್ಲಿ 61ಕ್ಕೆ ಬಂತು. ಹತ್ತರಲ್ಲಿ 74. ಹನ್ನೊಂದರಲ್ಲಿ ಮತ್ತೆ 93.

ಇಲ್ಲೇ ಇಂಜಿನಿಯರಿಂಗ್ ಸೇರೋದಾದ್ರೆ ಒಂಬತ್ತನೇ ಕ್ಲಾಸಿನ ಅಂಕ ಯಾರೂ ಕೇಳಲ್ಲ. ಕೆಸಿಇಟಿ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ, ಅಷ್ಟೇ. ಆದ್ರೆ ಅವಳು ಸ್ಕಾಲರ್‌ಶಿಪ್ ಆಸೆಯಿಂದ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕ್ತಿದ್ದಾಳೆ. ಅಲ್ಲಿ ಹೈಸ್ಕೂಲು ಅಂದ್ರೆ ಒಂಬತ್ತರಿಂದ ಹನ್ನೆರಡು. ನಾಲ್ಕೂ ವರ್ಷದ ಅಂಕಪಟ್ಟಿ ಶಾಲೆಯಿಂದ ಹೋಗಬೇಕು. ಹಾರ್ವರ್ಡ್‌ನಂಥ ಕಡೆ ನೂರು ಜನ ಅರ್ಜಿ ಹಾಕಿದ್ರೆ ಐದು ಜನಕ್ಕೂ ಸೀಟು ಸಿಗಲ್ಲ. ಅಂಥ ಸಾಲಿನಲ್ಲಿ 61 ಹಿಡ್ಕೊಂಡು ನಿಲ್ಲಬೇಕು.

ಅರ್ಜಿಯಲ್ಲಿ ಒಂದು ಜಾಗ ಇದೆ. ಓದಿಗೆ ಅಡ್ಡಿಯಾದ ಪರಿಸ್ಥಿತಿ ಏನಾದ್ರೂ ಇದ್ದರೆ ಬರೆಯಬಹುದು, ಕಡ್ಡಾಯವೇನಲ್ಲ. ಆ ಖಾಲಿ ಜಾಗದ ಮುಂದೆ ಅವಳು ಎರಡು ವಾರ ಕೂತಿದ್ದಳು. ಮೂರು ಜನ ಮೂರು ಥರ ಬುದ್ಧಿ ಹೇಳಿದ್ರು. ಅಮ್ಮ ಹೇಳಿದ್ರು: "ಬರೀಬೇಡ ಮಗಳೇ, ನಾಳೆ ಮದುವೆ ಮಾತುಕತೆಗೆ ಇದೇ ಎದುರು ಬರುತ್ತೆ." ವಿದೇಶದಲ್ಲಿರೋ ಚಿಕ್ಕಪ್ಪ ಫೋನ್ ಮಾಡಿ, "ಅವರಿಗೆ ಕಷ್ಟದ ಕಥೆ ಬೇಕು ಪುಟ್ಟಾ, ಚೆನ್ನಾಗಿ ಕಣ್ಣೀರು ಬರೋ ಹಾಗೆ ಬರಿ" ಅಂದ್ರು. ಪ್ರಾರ್ಥನೆಗೆ ಬರೋ ಹಿರಿಯರೊಬ್ಬರು, "ದೇವರು ವಾಸಿಮಾಡಿ ಆಯ್ತಲ್ಲಮ್ಮ, ಬಿಟ್ಟುಹೋದ ಕಾಯಿಲೆಯನ್ನ ಮತ್ತೆ ಯಾಕೆ ಬಾಯಲ್ಲಿ ಅರಿಕೆ ಮಾಡ್ತೀಯ? ಅದು ಅವಿಶ್ವಾಸ" ಅಂದ್ರು.

ಅವಳು ನನ್ನ ಕೇಳಿದ್ದು ಇಷ್ಟೇ: "ಬ್ರದರ್, ಹೇಳಿದ್ರೆ ನೆಪ ಹೇಳಿದ ಹಾಗಾಗುತ್ತಾ? ಹೇಳದಿದ್ರೆ ಸುಳ್ಳಾಗುತ್ತಾ?"

ಈಗ ವಾಕ್ಯಕ್ಕೆ ಬನ್ನಿ. ಎಪಫ್ರೊದೀತ ಯಾರು? ಫಿಲಿಪ್ಪಿ ಸಭೆಯವರು ಸೆರೆಯಲ್ಲಿದ್ದ ಪೌಲನಿಗೆ ಸಹಾಯ ಕೊಟ್ಟು ಕಳಿಸಿದ ಮನುಷ್ಯ. ಬಂದವನು ಕಾಯಿಲೆ ಬಿದ್ದ, ಸಾಯೋ ಹಾಗಾದ. ಊರಲ್ಲಿ ಜನ ಏನಂದಿರಬಹುದು? ಸೇವೆ ಮಾಡು ಅಂತ ಕಳಿಸಿದ್ರೆ ಇವನೇ ಮಲಗಿದ ಅಂತ. ಪೌಲ ಅವನನ್ನ ವಾಪಸ್ ಕಳಿಸುವಾಗ ಪತ್ರದಲ್ಲಿ ಅವನ ಬಗ್ಗೆ ನಾಲ್ಕು ಮಾತು ಬರೀತಾನೆ. ನೋಡಿದ್ರೆ ಅದು ಒಂದು ಶಿಫಾರಸು ಪತ್ರವೇ!

ಮೊದಲನೇದು, ಪೌಲ ಕಾಯಿಲೆಯನ್ನ ಮುಚ್ಚಿಡಲಿಲ್ಲ. ಯಾವ ಪೌಲ? ಅಪೊಸ್ತಲರ ಕೃತ್ಯಗಳು 19ರಲ್ಲಿ ಯಾರ ಮೈಮೇಲಿನ ಬಟ್ಟೆ ತಗೊಂಡು ಹೋಗಿ ಮುಟ್ಟಿಸಿದ್ರೆ ರೋಗಿಗಳು ಏಳ್ತಿದ್ರೋ ಆ ಪೌಲ. ಅವನ ಜೊತೆ ಕೆಲಸದವನೇ ಸಾವಿನ ಹತ್ತಿರ ಹೋಗಿದ್ದ ಅಂತ ಬರೆಯೋಕೆ ಅವನಿಗೆ ನಾಚಿಕೆ ಆಗಲಿಲ್ಲ. 2 ತಿಮೊಥೆಯ 4:20ರಲ್ಲಿ ತ್ರೊಫಿಮನನ್ನ ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದೆ ಅಂತಲೂ ಹೇಳ್ತಾನೆ. ಆ ಹಿರಿಯರಿಗೆ ನನ್ನ ಗೌರವ ಇದೆ, ಆದ್ರೆ ಈ ಮಾತನ್ನ ನಾನು ಒಪ್ಪಲ್ಲ. ಕಾಯಿಲೆಯೇ ಇರಲಿಲ್ಲ ಅನ್ನೋದಾದ್ರೆ ದೇವರು ಕರುಣಿಸಿದ್ದು ಯಾವುದನ್ನ? ಇದ್ದದ್ದನ್ನ ಇತ್ತು ಅನ್ನೋದು ಅವಿಶ್ವಾಸ ಅಲ್ಲ.

ಹಾಗಾದ್ರೆ ಅಮ್ಮನ ಭಯ? ಅದನ್ನ ನಾನು ತಳ್ಳಿಹಾಕಲ್ಲ. ಆ ತಾಯಿ ಈ ಊರಲ್ಲಿ ಬದುಕಬೇಕು. ಆದ್ರೆ ಇನ್ನೊಂದು ಸಲ ಓದಿ: ಎಪಫ್ರೊದೀತನಿಗೆ ಯಾವ ಕಾಯಿಲೆ ಅಂತ ಪೌಲ ಎಲ್ಲಾದ್ರೂ ಹೇಳಿದ್ದಾನಾ? ಇಲ್ಲ. ಎಷ್ಟು ಗಂಭೀರ ಅಂತ ಹೇಳಿದ, ಹೆಸರು ಹೇಳಲಿಲ್ಲ. ಸುಳ್ಳು ಹೇಳೋದು ಬೇರೆ, ಎಲ್ಲವನ್ನೂ ಬಿಚ್ಚಿಡದೆ ಇರೋದು ಬೇರೆ. "ಆರು ತಿಂಗಳ ಚಿಕಿತ್ಸೆ ಬೇಕಾದ ಕಾಯಿಲೆ" ಅಂದ್ರೆ ಅದು ಪೂರ್ತಿ ಸತ್ಯ. ಅದಕ್ಕೇ ನಾನೂ ಇವತ್ತು ಹೆಸರು ಹೇಳ್ತಿಲ್ಲ.

ಎರಡನೇದು, ಪೌಲ ಉಬ್ಬಿಸಲಿಲ್ಲ. ಇಲ್ಲಿ ನನ್ನ ಕಥೆ ಹೇಳಲೇಬೇಕು. ಎಸ್ಸೆಸ್ಸೆಲ್ಸಿ ವರ್ಷ ನನಗೆ ಜಾಂಡೀಸ್ ಆಯ್ತು. ಶಾಲೆಗೆ ಹೋಗದೆ ಇದ್ದದ್ದು ಮೂರು ವಾರ. ಅಂಕ ಕಡಿಮೆ ಬಂತು. ಪಿಯು ಸೀಟಿಗೆ ಒಂದು ಕಾಲೇಜಲ್ಲಿ ಪ್ರಿನ್ಸಿಪಾಲರ ಮುಂದೆ ನಿಂತಾಗ, "ಮೂರು ತಿಂಗಳು ಹಾಸಿಗೆ ಹಿಡಿದಿದ್ದೆ ಸರ್" ಅಂದೆ. ಪಕ್ಕದಲ್ಲಿ ಅಪ್ಪ ನಿಂತಿದ್ರು. ಏನೂ ಮಾತಾಡಲಿಲ್ಲ. ಸೀಟು ಸಿಕ್ತು. ವಾಪಸ್ ಬರುವಾಗ ಬಸ್ಸಲ್ಲಿ ಅಪ್ಪ ಕಿಟಕಿ ಕಡೆ ತಿರುಗಿ ಕೂತಿದ್ರು. ಮೂರು ವಾರದ ಕಾಯಿಲೆ ನಿಜ. ಆದ್ರೆ ಆ ನಿಜವನ್ನ ನಾನು ಸುಳ್ಳಿನ ಜೊತೆ ಕಟ್ಟಿ ಮಾರಿದೆ. ಅನನೀಯ ಸಪ್ಫೈರರು ಮಾಡಿದ್ದೂ ಅಂಥದ್ದೇ ಅಲ್ವಾ? ಹೊಲ ಮಾರಿದ್ದು ನಿಜ, ಹಣ ತಂದಿಟ್ಟಿದ್ದು ನಿಜ, ಇಷ್ಟೇ ಪೂರ್ತಿ ಹಣ ಅಂದದ್ದು ಮಾತ್ರ ಸುಳ್ಳು. ನಮ್ಮ ನೋವು ನಮ್ಮದೇ. ಆದ್ರೂ ಅದರ ತೂಕಕ್ಕೆ ಕಲ್ಲು ಸೇರಿಸೋ ಹಕ್ಕು ನಮಗಿಲ್ಲ.

ಮೂರನೇದು ಎಲ್ಲಕ್ಕಿಂತ ಕಷ್ಟ. ಅರ್ಜಿ ಬರೀತಾ ಬರೀತಾ ಆ ಹುಡುಗಿ ಒಂದು ಮಾತು ಹೇಳಿದಳು. "ಬ್ರದರ್, ಒಂಬತ್ತನೇ ಕ್ಲಾಸು ಕಾಯಿಲೆಯಿಂದ. ಹತ್ತರಲ್ಲಿ ಮಾತ್ರೆ ಮುಗಿದಿತ್ತು. ಸುಸ್ತು ಇತ್ತು ನಿಜ. ಆದ್ರೆ ಮನೇಲಿ ಯಾರೂ ಬೈಯಲ್ಲ ಅಂತ ರಾತ್ರಿಯೆಲ್ಲ ರೀಲ್ಸ್ ನೋಡ್ತಿದ್ದೆ. ಆ 74 ಯಾರ ಲೆಕ್ಕಕ್ಕೆ?"

ನನ್ನ ಹತ್ತಿರ ಚಟ್ ಅಂತ ಉತ್ತರ ಇರಲಿಲ್ಲ. ಎಷ್ಟು ಭಾಗ ಬಲಹೀನತೆ, ಎಷ್ಟು ಭಾಗ ಸೋಮಾರಿತನ ಅಂತ ತಕ್ಕಡಿ ಹಿಡಿದು ಹೇಳೋಕೆ ಡಾಕ್ಟರಿಗೂ ಆಗಲ್ಲ. ಆದ್ರೆ ಇಷ್ಟು ಹೇಳಬಹುದು. ಬಲಹೀನತೆಯನ್ನ ಪಾಪ ಅಂತ ಕರೆದು ನಿಮ್ಮನ್ನ ನೀವೇ ಹೊಡ್ಕೋಬೇಡಿ. ಪಾಪವನ್ನ ಬಲಹೀನತೆ ಅಂತ ಕರೆದು ತಪ್ಪಿಸಿಕೊಳ್ಳಲೂಬೇಡಿ. ಗೊತ್ತಿರೋದನ್ನ ಬರೀರಿ, ಗೊತ್ತಿಲ್ಲದ್ದಕ್ಕೆ ಕಾಯಿಲೆಯ ಹೆಸರು ಅಂಟಿಸಬೇಡಿ. ಅವಳು ಹಾಗೇ ಮಾಡಿದಳು. ಒಂಬತ್ತನೇ ಕ್ಲಾಸಿನ ಬಗ್ಗೆ ನಾಲ್ಕು ಸಾಲು ಬರೆದಳು. ಹತ್ತರ ಬಗ್ಗೆ ಒಂದೇ ಸಾಲು: ಮತ್ತೆ ಓದಿನ ಅಭ್ಯಾಸ ಕೂಡಿಸಿಕೊಳ್ಳೋಕೆ ನಾನು ಬೇಕಾದ್ದಕ್ಕಿಂತ ಹೆಚ್ಚು ಸಮಯ ತಗೊಂಡೆ ಅಂತ. ಕಣ್ಣೀರಿನ ಕಥೆ ಇಲ್ಲ. ಚಿಕ್ಕಪ್ಪನಿಗೆ ಬೇಜಾರಾಯ್ತು.

ಹಾಗಾದ್ರೆ ಇದು ನೆಪವಾ? ಅಲ್ಲ. ನೆಪ ಅಂದ್ರೆ ನನ್ನ ಜವಾಬ್ದಾರಿಯನ್ನ ಬೇರೆ ಕಡೆ ಸಾಗಿಸೋದು. ಅವಳು ಹೆಚ್ಚು ಅಂಕ ಕೊಡಿ ಅಂತ ಕೇಳಲಿಲ್ಲ. ಇರೋ ಅಂಕವನ್ನ ಸರಿಯಾಗಿ ಓದಿ ಅಂತ ಕೇಳಿದಳು. ಧರ್ಮೋಪದೇಶಕಾಂಡ 19:15ರಲ್ಲಿ ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಮಾಡಬಾರದು ಅಂತ ದೇವರ ಕಟ್ಟಳೆ ಇದೆ. ಅಂಕಪಟ್ಟಿ ಒಂದು ಸಾಕ್ಷಿ. ಅದು ಸುಳ್ಳು ಹೇಳಲ್ಲ, ಆದ್ರೆ ಎಲ್ಲವನ್ನೂ ಹೇಳೋಕೂ ಅದಕ್ಕೆ ಬರಲ್ಲ. ಹನ್ನೊಂದನೇ ಕ್ಲಾಸಿನ 93 ಎರಡನೇ ಸಾಕ್ಷಿ. ಶಾಲೆಯ ಕೌನ್ಸಿಲರ್ ಬರೆಯೋ ಪತ್ರ ಮೂರನೇದು. ಕೌನ್ಸಿಲರ್ ಹತ್ತಿರ ಹೋಗಿ ಕೇಳ್ಕೊಳ್ಳೋಕೆ ಸಂಕೋಚ ಬೇಡ. ಎಪಫ್ರೊದೀತನ ಪರವಾಗಿ ಬರೆದದ್ದೂ ಇನ್ನೊಬ್ಬನೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ಸರಾಸರಿಗೆ ಹತ್ತು, ಹನ್ನೊಂದನೇ ಕ್ಲಾಸಿನ ಅಂಕಗಳನ್ನ ಮಾತ್ರ ತಗೋತಾರೆ, ಒಂಬತ್ತರದ್ದನ್ನ ಸೇರಿಸಲ್ಲ. ಆದ್ದರಿಂದ ಒಂದು ವರ್ಷ ಹಾಳಾಯ್ತು ಅಂತ ಬಾಗಿಲು ನೀವೇ ಹಾಕ್ಕೋಬೇಡಿ. ಮೊದಲು ನಿಯಮ ಓದಿ.

ಇನ್ನೊಂದು ಮಾತು, ಸಭೆಯಾಗಿ ನಮಗೆ. ಕೌನ್ಸಿಲರ್ ಇಲ್ಲದ ಶಾಲೆಯ ಮಕ್ಕಳು ನಮ್ಮಲ್ಲೇ ಇದ್ದಾರೆ. ಅಮ್ಮನ ಕಾಯಿಲೆ ನೋಡಿಕೊಳ್ಳೋಕೆ ಶಾಲೆ ತಪ್ಪಿಸಿದವರಿದ್ದಾರೆ. ಅವರ ಪರವಾಗಿ ಬರೆಯೋ ಪೌಲ ಯಾರು? ಇಂಗ್ಲಿಷ್ ಚೆನ್ನಾಗಿ ಬರೋರು, ಆಫೀಸಲ್ಲಿ ದಿನಾ ನೂರು ಮೇಲ್ ಬರೆಯೋರು ಇಲ್ಲೇ ಕೂತಿದ್ದೀರಿ. ಒಂದು ಶನಿವಾರ ಒಬ್ಬ ತಮ್ಮನ ಜೊತೆ, ಒಬ್ಬಳು ತಂಗಿಯ ಜೊತೆ ಕೂತ್ಕೊಳ್ಳಿ. ಅವರ ನೋವನ್ನ ಕಥೆ ಮಾಡೋಕಲ್ಲ, ಸತ್ಯವನ್ನ ಸರಿಯಾಗಿ ಹೇಳೋಕೆ.

ಆ ಹುಡುಗಿಗೆ ಸೀಟು ಸಿಕ್ತಾ ಅಂತ ಕೇಳ್ತೀರಿ. ಇನ್ನೂ ಉತ್ತರ ಬಂದಿಲ್ಲ. ಮಾರ್ಚ್ ಕೊನೆಗೆ ಬರಬಹುದು. ಸಿಕ್ಕಿದ್ರೆ ಸಾಕ್ಷಿ, ಸಿಗದಿದ್ರೆ ಮೌನ ಅನ್ನೋ ಅಭ್ಯಾಸ ನಮ್ಮಲ್ಲಿದೆ, ಅದನ್ನ ಬಿಡೋಣ. ಅವಳ ಸಾಕ್ಷಿ ಆಗಲೇ ಮುಗಿದಿದೆ. ಅರ್ಜಿಯ ಕೊನೆಯಲ್ಲಿ, ಬರೆದದ್ದೆಲ್ಲ ಸತ್ಯ ಅಂತ ಒಪ್ಪಿ ಸಹಿ ಹಾಕೋ ಜಾಗ ಇದೆ. ಅಲ್ಲಿ ಅವಳು ಕೈ ನಡುಗದೆ ಸಹಿ ಹಾಕಿದಳು. ಅಂದು ಪ್ರಿನ್ಸಿಪಾಲರ ಮುಂದೆ ನನಗೆ ಆಗದೇ ಇದ್ದದ್ದು ಅದು.

ಎದ್ದು ನಿಲ್ಲಿ, ಪ್ರಾರ್ಥಿಸೋಣ. ಕರ್ತನೇ, ನಾವು ಮಲಗಿದ್ದ ದಿನಗಳ ಲೆಕ್ಕ ನಿನ್ನ ಹತ್ತಿರ ಇದೆ. ಅದನ್ನ ಮುಚ್ಚಿಡದ ಹಾಗೆ, ಉಬ್ಬಿಸದ ಹಾಗೆ ನಮ್ಮ ನಾಲಿಗೆಯನ್ನ ಕಾಯಿ. ಉತ್ತರಕ್ಕೆ ಕಾಯ್ತಿರೋ ಮಕ್ಕಳ ಜೊತೆ ಇರು. ಬೇಡ ಅನ್ನೋ ಉತ್ತರ ಬಂದ ರಾತ್ರಿಯೂ ಅವರ ಜೊತೆ ಇರು. ಯೇಸುವಿನ ನಾಮದಲ್ಲಿ ಬೇಡ್ತೇವೆ ತಂದೆಯೇ, ಆಮೆನ್.